ಹೊಳೆಯ ಕೆಳಗಣ ನೆರೆಯವನು



ಕಣ್ಣೆದುರಿನ ನೆರೆಯವನಿಗೆ ಕೇಡು ಬಗೆಯಬಾರದೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ನಾವೆಂದೂ ಕಾಣದ ಊರಿನಲ್ಲಿ, ನಮ್ಮ ಹೊಲದಿಂದ ಹರಿದುಹೋದ ನೀರನ್ನು ಕುಡಿಯುವವನೂ ನಮ್ಮ ನೆರೆಯವನೇ? ಅವನ ಲೋಟದಲ್ಲಿ ಸೇರಿದ ಕೇಡಿನಲ್ಲಿ ನನ್ನ ಪಾಲು ಒಂದು ತೊಟ್ಟು ಮಾತ್ರವಾಗಿದ್ದರೆ, ಅದಕ್ಕೆ ನಾನು ಹೊಣೆಯೇ?

ಅಮೆರಿಕದ ಅಯೋವಾ ರಾಜ್ಯ ಈ ಪ್ರಶ್ನೆಯನ್ನು ಬಹುಕಾಲದಿಂದ ಎದುರಿಸುತ್ತಿದೆ. ಅದು ಮೆಕ್ಕೆಜೋಳ, ಸೋಯಾ ಬೆಳೆಯುವ ಫಲವತ್ತಾದ ನಾಡು. ಬೆಳೆಗೆ ಹಾಕಿದ ಸಾರಜನಕ ಗೊಬ್ಬರವನ್ನೆಲ್ಲ ಬೇರುಗಳು ಹೀರಿಕೊಳ್ಳುವುದಿಲ್ಲ. ಉಳಿದದ್ದು, ಮಣ್ಣಿನಲ್ಲಿರುವ ಸಾರಜನಕದೊಡನೆ, ನೈಟ್ರೇಟ್ ರೂಪದಲ್ಲಿ ನೀರಿನಲ್ಲಿ ಕರಗಿ, ಹೊಲಗಳಡಿ ಹೂಳಿದ ಬಸಿಕೊಳವೆಗಳ ಮೂಲಕ ನದಿ ಸೇರುತ್ತದೆ. ರಾಜಧಾನಿ ಡೆಮೊಯಿನ್ ನಗರ ಕುಡಿಯುವುದು ಈ ನದಿಗಳ ನೀರನ್ನೇ. ಮುಂದೆ ಅದು ಮಿಸಿಸಿಪ್ಪಿಯನ್ನು ಸೇರಿ ಸಮುದ್ರ ಮುಟ್ಟುತ್ತದೆ. ಅಲ್ಲಿ ಪಾಚಿ ಬೆಳೆದು ಕೊಳೆತು, ಆಮ್ಲಜನಕವನ್ನು ಕಬಳಿಸುತ್ತದೆ. 2017ರ ಬೇಸಿಗೆಯಲ್ಲಿ ಹೀಗೆ ಉಸಿರುಗಟ್ಟಿದ ಕಡಲಿನ ವಿಸ್ತಾರ ಸುಮಾರು 22,700 ಚದರ ಕಿಲೋಮೀಟರ್.

ನೈಟ್ರೇಟ್ ಹೆಚ್ಚಿದ ನೀರು ಹಸುಗೂಸುಗಳಿಗೆ ಅಪಾಯಕಾರಿ. ಅದು ರಕ್ತವು ಆಮ್ಲಜನಕವನ್ನು ಹೊರುವ ಶಕ್ತಿಯನ್ನೇ ಕುಂದಿಸಿ, ಮಗುವಿನ ಮೈ ನೀಲಿಗಟ್ಟುವಂತೆ ಮಾಡಬಲ್ಲದು. ಆ ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ.

2015ರಲ್ಲಿ ಡೆಮೊಯಿನ್ ಜಲಸಂಸ್ಥೆಯು ಮೇಲ್ಭಾಗದ ಮೂರು ಜಿಲ್ಲೆಗಳ ಬಸಿಗಾಲುವೆ ಮಂಡಳಿಗಳ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 2017ರಲ್ಲಿ ಮೊಕದ್ದಮೆ ವಜಾ ಆಯಿತು. ನದಿ ಮಾತ್ರ ಹಾಗೆಯೇ ಹರಿಯಿತು. 2025ರ ಜೂನ್ ತಿಂಗಳಲ್ಲಿ ನೈಟ್ರೇಟ್ ಏರಿದ್ದರಿಂದ, ಶುದ್ಧೀಕರಣದ ಹೊರೆ ತಗ್ಗಿಸಲು ಅಲ್ಲಿನ ಮನೆಯಂಗಳಗಳ ಹುಲ್ಲಿಗೆ ನೀರುಣಿಸುವುದನ್ನೇ ನಿಷೇಧಿಸಬೇಕಾಯಿತು. ಕಾನೂನು ಯಾರನ್ನೂ ಹೊಣೆಯಾಗಿಸದಿದ್ದಾಗ ಮನಸ್ಸಾಕ್ಷಿಯೂ ಮೌನವಾಗಿರಬಹುದೇ?

ಇಲ್ಲಿ ವಿಜ್ಞಾನ ನಮ್ಮ ನೆರವಿಗೆ ಬರುತ್ತದೆ. ನದಿಯ ಕಣಿವೆಯನ್ನು ಗಣಕಯಂತ್ರದಲ್ಲಿ ಮರುರಚಿಸುವ ಗಣಿತ ಮಾದರಿಗಳಿವೆ. ಅಮೆರಿಕದ ಕೃಷಿ ಸಂಶೋಧಕರು ರೂಪಿಸಿದ 'ಸ್ವಾಟ್' ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಅದು ಕಣಿವೆಯನ್ನು ಮಣ್ಣು, ಇಳಿಜಾರು, ಬೆಳೆಗಳಿಗನುಸಾರ ಸಣ್ಣ ತುಣುಕುಗಳಾಗಿ ವಿಭಾಗಿಸಿ, ಮಳೆ ಹಾಗೂ ಗೊಬ್ಬರದ ಲೆಕ್ಕವಿಟ್ಟು, ಯಾವ ತುಣುಕಿನಿಂದ ಎಷ್ಟು ನೈಟ್ರೇಟ್ ನದಿ ಸೇರುವುದೆಂದು ಅಂದಾಜಿಸುತ್ತದೆ. ನದಿಯಲ್ಲಿ ನಿಜವಾಗಿ ಅಳೆದ ಪ್ರಮಾಣದೊಡನೆ ಅದನ್ನು ಹೋಲಿಸಿ ತಿದ್ದಿಕೊಂಡ ಬಳಿಕ, 'ಹೀಗೆ ಮಾಡಿದರೆ ಏನಾದೀತು?' ಎಂದು ಕೇಳಬಹುದು.

2013ರಲ್ಲಿ ಅಯೋವಾ ರಾಜ್ಯ ಇಂಥದೇ ಪ್ರಶ್ನೆಗಳಿಗೆ ಉತ್ತರ ಹುಡುಕಿ, ಸಾರಜನಕದ ಹೊರೆಯನ್ನು ಶೇಕಡ 45ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿತು. ಗೊಬ್ಬರವನ್ನು ಹಿತಮಿತಗೊಳಿಸಿದರೆ ನೈಟ್ರೇಟ್ ತಗ್ಗುವುದು ಸರಾಸರಿ ಶೇಕಡ 10ರಷ್ಟು ಮಾತ್ರ. ಕೊಯ್ಲಿನ ನಂತರ ರೈ ಧಾನ್ಯವನ್ನು ಹೊದಿಕೆ ಬೆಳೆಯಾಗಿ ಬಿತ್ತಿದ ಹೊಲದಲ್ಲಿ ಸುಮಾರು ಶೇಕಡ 31. ಬಸಿನೀರು ಜೌಗುಭೂಮಿಯ ಮೂಲಕ ಹಾದುಹೋದರೆ ಸುಮಾರು ಶೇಕಡ 52. ಆದರೆ ಹೊದಿಕೆ ಬೆಳೆಗೂ ಜೌಗಿಗೂ ರೈತ ಹಣ ಹಾಗೂ ನೆಲವನ್ನು ತೆರಬೇಕು. ಲಾಭ ದೊರೆಯುವುದು ಕೆಳಗಿನವರಿಗೆ. ಒಬ್ಬನ ಶ್ರಮದಿಂದ ನದಿ ತಿಳಿಯಾಗದು. ಹಲವರು ಹಲವು ಕ್ರಮಗಳನ್ನು ಒಟ್ಟಿಗೆ ಕೈಗೊಂಡರೆ ಮಾತ್ರ ಗುರಿ ಮುಟ್ಟಬಹುದು.

'ನನ್ನದು ಒಂದು ತೊಟ್ಟು' ಎಂಬ ಮಾತು ಲೆಕ್ಕದಲ್ಲಿ ನಿಜ. ಆದರೆ ನದಿ ತುಂಬುವುದು ಅಂಥ ತೊಟ್ಟುಗಳಿಂದಲೇ. ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಕ್ಕಷ್ಟೇ ಅಲ್ಲ, ಮಾಡದೆ ಬಿಟ್ಟ ಒಳಿತಿಗೂ ಕ್ಷಮೆ ಬೇಡುತ್ತೇವೆ. ಹಾಗೆಂದು ರೈತನೊಬ್ಬನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಅಗ್ಗದ ಆಹಾರವನ್ನು ಬಯಸುವ ನಾವೂ ಆ ಹೊರೆಯ ಪಾಲುದಾರರು. ಜೌಗಿನ ವೆಚ್ಚವನ್ನು ಕೆಳಗಿನ ಪಟ್ಟಣವೂ ಹಂಚಿಕೊಳ್ಳುವುದೇ ನ್ಯಾಯ.

ದಯಾಳು ಸಮಾರಿತನಿಗೆ ಗಾಯಾಳು ದಾರಿಯಲ್ಲೇ ಕಂಡನು. ನಮ್ಮ ಕಾಲದ ಗಾಯಾಳು ಹಲವು ಬಾರಿ ಕಣ್ಣಿಗೆ ಬೀಳುವುದಿಲ್ಲ. ಗಣಿತ ಮಾದರಿ ಅವನನ್ನು ನಮಗೆ ತೋರಿಸಬಲ್ಲದು. ಆದರೆ ಅವನನ್ನು ಪ್ರೀತಿಸೆಂದು ಆಜ್ಞಾಪಿಸಲಾರದು. ಕಂಡ ಮೇಲೆ ದಾಟಿಹೋಗುವೆವೋ, ನಿಲ್ಲುವೆವೋ ಎಂಬುದು ನಮ್ಮ ಆಯ್ಕೆ. ಅಂದಾಜಿನಲ್ಲಿ ತುಸು ಸಂದೇಹವಿದೆಯೆಂಬ ನೆಪ ನಮ್ಮನ್ನು ಬಿಡುಗಡೆ ಮಾಡದು; ಮಗುವಿನ ಆರೋಗ್ಯದ ವಿಷಯದಲ್ಲಿ ಯಾವ ತಾಯಿತಂದೆಯೂ ಪೂರ್ಣ ಖಾತರಿಗಾಗಿ ಕಾಯುವುದಿಲ್ಲ.

1979ರ ಅಕ್ಟೋಬರ್ 4ರಂದು, ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದ ದಿನ, ಸಂತ ಎರಡನೆಯ ಜಾನ್ ಪಾಲರು ಇದೇ ಡೆಮೊಯಿನ್ ಬಳಿ ರೈತರಿಗಾಗಿ ಬಲಿಪೂಜೆ ಅರ್ಪಿಸಿದರು. ಮುಂದಿನ ಪೀಳಿಗೆಗಳಿಗಾಗಿ ಭೂಮಿಯನ್ನು ಜೋಪಾನ ಮಾಡುವ ಉಸ್ತುವಾರಿಗಳು ನೀವು ಎಂಬುದು ಅವರ ಪ್ರಬೋಧನೆಯ ತಿರುಳಾಗಿತ್ತು.

ಇದು ದೂರದ ಕಥೆಯಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ, ಕರ್ನಾಟಕದಲ್ಲಿ ಪರೀಕ್ಷಿಸಿದ ಅಂತರ್ಜಲ ಮಾದರಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲೀಟರಿಗೆ 45 ಮಿಲಿಗ್ರಾಂ ಎಂಬ ನೈಟ್ರೇಟ್ ಮಿತಿಯನ್ನು ಮೀರಿದ್ದವು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವುದು, ತಿಪ್ಪೆ ಹಾಗೂ ಶೌಚಗುಂಡಿಗಳನ್ನು ಬಾವಿಯಿಂದ ದೂರವಿಡುವುದು, ಎಳೆಗೂಸಿರುವ ಮನೆಯ ನೀರನ್ನು ಪರೀಕ್ಷಿಸುವುದು ನಮ್ಮ ಕೈಯಲ್ಲೇ ಇದೆ.

ಪ್ರವಾದಿ ಯೆಜೆಕಿಯೇಲನ ಗ್ರಂಥದ 34ನೇ ಅಧ್ಯಾಯದಲ್ಲಿ, ತಿಳಿನೀರನ್ನು ತಾವು ಕುಡಿದು ಉಳಿದುದನ್ನು ಕಾಲಿನಿಂದ ಕಲಕಿದ ಕೊಬ್ಬಿದ ಕುರಿಗಳನ್ನು ದೇವರು ಪ್ರಶ್ನಿಸುತ್ತಾರೆ. ಅವು ಕುಡಿದದ್ದು ತಪ್ಪಲ್ಲ. ಹಿಂದೆ ಬರುವವುಗಳಿಗೂ ಬಾಯಾರಿಕೆಯಿದೆ ಎಂಬುದನ್ನು ಮರೆತದ್ದು ತಪ್ಪು.