ಬೆಕ್ಕು ಕೇಳುವ ಮಣ್ಣು

ಬೆಕ್ಕು ಸಾಕಿದ ಮನೆ ನಾರುತ್ತದೆ ಎಂದು ಹೇಳುವವರ ಮಾತಿನಲ್ಲಿ ಒಂದು ತೀರ್ಪು ಅಡಗಿರುತ್ತದೆ. ಬೆಕ್ಕು ಹೊಲಸು ಪ್ರಾಣಿ, ಅದನ್ನು ಒಳಗೆ ಬಿಟ್ಟುಕೊಂಡವರೂ ಅಷ್ಟರವರೇ ಎಂಬ ತೀರ್ಪು. ವಾಸನೆ ಇದೆಯೋ ಇಲ್ಲವೋ ಎಂದು ಮೂಗು ಹೇಳುತ್ತದೆ. ಆದರೆ ಆ ವಾಸನೆಗೆ ಹೊಣೆ ಯಾರು ಎಂದು ಮೂಗು ಹೇಳಲಾರದು. ಪಾಕಿ-ನಾಪಾಕಿ, ಮಡಿ-ಮೈಲಿಗೆ ಎಂದು ದಿನವಿಡೀ ಮಾತಾಡುವ ನಾವು ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳುವುದು ಕಡಿಮೆ.

ಜಮಖಂಡಿಯ ಹಳೆಯ ಓಣಿಗಳಲ್ಲಿ, ಬೀಳಗಿಯ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳಿದ್ದಾಗ ಈ ಮಾತೇ ಹುಟ್ಟುತ್ತಿರಲಿಲ್ಲ. ಬೆಕ್ಕಿಗೆ ಹಿತ್ತಲಿತ್ತು, ತಿಪ್ಪೆಯಿತ್ತು, ಮಾಳಿಗೆಯ ಮೇಲೆ ಮಣ್ಣಿತ್ತು. ತೋಡುತ್ತಿತ್ತು, ಕೂರುತ್ತಿತ್ತು, ಮುಚ್ಚುತ್ತಿತ್ತು. ಮುಚ್ಚಿದ್ದು ಸರಿಯಾಯಿತೋ ಇಲ್ಲವೋ ಎಂದು ಇನ್ನೊಮ್ಮೆ ಮೂಸಿ ನೋಡಿ ಹೋಗುತ್ತಿತ್ತು. ತನ್ನ ಹೊಲಸನ್ನು ತಾನೇ ಮುಚ್ಚುವ ಸಾಕುಪ್ರಾಣಿ ನಮ್ಮ ಮನೆಗಳಲ್ಲಿ ಬೇರೆ ಯಾವುದಿದೆ? ರಬಕವಿ-ಬನಹಟ್ಟಿಯ ನೇಕಾರರ ಮನೆಗಳಲ್ಲಿ ಅದಕ್ಕೊಂದು ನೌಕರಿಯೂ ಇತ್ತು. ನೂಲಿಗೆ ಹಚ್ಚಿದ ಗಂಜಿಗೆ ಇಲಿ ಬರುತ್ತದೆ. ಒಂದು ರಾತ್ರಿ ಇಲಿ ಹಾಸಿನ ಎಳೆಗಳನ್ನು ಕಡಿದು ಹಾಕಿದರೆ ಎಷ್ಟೋ ದಿನದ ದುಡಿಮೆ ಹೋದಂತೆ. ಹಾಗಾಗಿ ಮಗ್ಗದ ಕುಣಿಯ ಹತ್ತಿರ ಬೆಕ್ಕು ಮಲಗಿದ್ದರೆ ಯಾರೂ ಎಬ್ಬಿಸುತ್ತಿರಲಿಲ್ಲ. ಮುಧೋಳದ ನಾಯಿಗೆ ಸಂಸ್ಥಾನದ ಅರಸರ ಆಶ್ರಯ ಸಿಕ್ಕಿತು, 2005ರಲ್ಲಿ ಅಂಚೆ ಚೀಟಿಯೂ ಬಂತು. ನಮ್ಮ ಬೆಕ್ಕಿಗೆ ಅಂಥ ಭಾಗ್ಯವೇನೂ ಬರಲಿಲ್ಲ. ಅದು ಅದನ್ನು ಕೇಳಿದ್ದೂ ಇಲ್ಲ ಬಿಡಿ.

ಈಗ ನೆಲಕ್ಕೆ ಟೈಲ್ಸ್ ಬಂದಿದೆ, ಮೇಲೆ ಸ್ಲ್ಯಾಬ್ ಬಂದಿದೆ, ಹಿತ್ತಲು ಹೋಗಿ ಅಲ್ಲೊಂದು ಬಾಡಿಗೆ ಕೋಣೆ ಎದ್ದಿದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡುವ ರಸ್ತೆಗೆ ಬೆಕ್ಕನ್ನು ಬಿಡಲು ಮನಸ್ಸಾಗುವುದಿಲ್ಲ. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಎತ್ತು, ಎಮ್ಮೆಗಳನ್ನು ಹಗ್ಗ ಹಿಡಿದು ನಡೆಸಿಕೊಂಡು ಹೋಗಬಹುದಿತ್ತು. ಬೆಕ್ಕನ್ನು ಹಾಗೆ ಒಯ್ಯಲು ಬರುವುದಿಲ್ಲ; ಅದು ಮನುಷ್ಯರಿಗಿಂತ ಜಾಗವನ್ನು ಹೆಚ್ಚು ಹಚ್ಚಿಕೊಳ್ಳುವ ಜೀವ. ಹೊಸ ಮನೆಗಳಲ್ಲಿ ಅದನ್ನು ಒಳಗೇ ಇಟ್ಟುಕೊಳ್ಳುತ್ತೇವೆ. ಅಲ್ಲಿಂದ ವಾಸನೆಯ ಕಥೆ ಶುರುವಾಗುತ್ತದೆ.

ಬೆಕ್ಕಿನ ಮೂಲ ಪಶ್ಚಿಮ ಏಷ್ಯಾದ ಒಣನಾಡಿನ ಕಾಡುಬೆಕ್ಕು. ನೀರಿಲ್ಲದ ಕಡೆ ಬದುಕಿದ ಜೀವ ಹನಿ ನೀರನ್ನೂ ಉಳಿಸಿಕೊಳ್ಳುತ್ತದೆ. ಹಾಗಾಗಿ ಅದರ ಮೂತ್ರ ಬಹಳ ಗಾಢ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಕಣ್ಣಿಗೆ ಉರಿ ತರುವ ಘಾಟು ಇದೇ. ಇದರ ಜೊತೆಗೆ ಫೆಲಿನಿನ್ ಎಂಬ ಗಂಧಕವಿರುವ ವಸ್ತುವೊಂದಿದೆ. ಬೀಜ ತೆಗೆಸದ ಗಂಡು ಬೆಕ್ಕಿನಲ್ಲಿ ಅದು ಹೆಚ್ಚು. ಅದು ಒಡೆದಾಗ ಬರುವುದೇ ನಮಗೆಲ್ಲ ಗೊತ್ತಿರುವ ಆ 'ಬೆಕ್ಕಿನ ವಾಸನೆ'. ಇಲ್ಲೊಂದು ವಿಷಯ ಗಮನಿಸಬೇಕು. ಘಾಟು ಏರುವುದು ಹೊತ್ತು ಕಳೆದಂತೆ. ಈಗಷ್ಟೇ ಮಾಡಿದ್ದು ಅಷ್ಟು ನಾರುವುದಿಲ್ಲ, ನಿನ್ನೆಯದು ನಾರುತ್ತದೆ, ಮೊನ್ನೆಯದು ಮನೆಯನ್ನೇ ತುಂಬುತ್ತದೆ. ಅಂದರೆ ಮನೆ ನಾರುತ್ತಿದ್ದರೆ ಬೆಕ್ಕಿನ ಪಾಲು ಮೊದಲ ಕೆಲವು ತಾಸಿನದು ಮಾತ್ರ. ಉಳಿದದ್ದು ನಮ್ಮ ಆಲಸ್ಯದ ಪಾಲು.

ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಬೆಕ್ಕಿನ ಮರಳಿನ ಚರಿತ್ರೆ ಸ್ವಾರಸ್ಯದ್ದು. 1947ರಲ್ಲಿ, ನಮ್ಮ ದೇಶ ಇಬ್ಭಾಗವಾದ ವರ್ಷ, ಅಮೆರಿಕದ ಮಿಶಿಗನ್‌ನಲ್ಲಿ ಎಡ್ ಲೋವ್ ಎಂಬ ಯುವಕ ತಂದೆಯ ಜೊತೆ ಕಾರ್ಖಾನೆಗಳಿಗೆ ಎಣ್ಣೆ ಹೀರುವ ಜೇಡಿಮಣ್ಣಿನ ಕಾಳು ಮಾರುತ್ತಿದ್ದ. ನೆರೆಯ ಹೆಣ್ಣುಮಗಳೊಬ್ಬಳು ಬೆಕ್ಕಿಗಾಗಿ ಮರಳು ಕೇಳಿ ಬಂದಳು. ಅದುವರೆಗೆ ಅಲ್ಲಿಯವರೂ ನಮ್ಮಂತೆ ಬೂದಿ, ಮರಳುಗಳನ್ನೇ ಬಳಸುತ್ತಿದ್ದರು. ಆತ ಮರಳಿನ ಬದಲು ತನ್ನ ಜೇಡಿಯನ್ನು ಕೊಟ್ಟ. ಅದೇ ಮುಂದೆ ದೊಡ್ಡ ವ್ಯಾಪಾರವಾಯಿತು. ಆ ಜೇಡಿ ಯಾವುದು ಗೊತ್ತೇ? ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯದು. ಈಗ ಬರುವ, ಒದ್ದೆಯಾದರೆ ಉಂಡೆ ಕಟ್ಟುವ ಮರಳು ಬೆಂಟೊನೈಟ್ ಎಂಬ ಜೇಡಿ. ಬೆಂಟೊನೈಟಿನ ಮುಖ್ಯ ಖನಿಜವಾದ ಮಾಂಟ್‌ಮೊರಿಲೊನೈಟ್ ನಮ್ಮ ಎರೆಮಣ್ಣಿನಲ್ಲೂ ಧಾರಾಳವಾಗಿದೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿದು, ಮಳೆ ಬಿದ್ದರೆ ಉಬ್ಬಿ ಚಕ್ಕಡಿಯ ಗಾಲಿಯನ್ನೇ ಹಿಡಿಯುವ ಮುಧೋಳ ಸೀಮೆಯ ಎರೆಗೆ ಆ ಗುಣ ಬಂದದ್ದು ಇದರಿಂದಲೇ. ಹೊಲದಲ್ಲಿ ಕಾಲಿಗೆ ಮೆತ್ತುವುದನ್ನು ಸಿಂಗರಿಸಿದ ಚೀಲದಲ್ಲಿ ಕೊಂಡು ತರುತ್ತೇವೆ, ಅಷ್ಟೆ.

ಕೊಳ್ಳಲಾಗದವರು ಚಿಂತಿಸಬೇಕಿಲ್ಲ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಜರಡಿ ಹಿಡಿದ ಮಣ್ಣು, ನದಿಯ ಮರಳು, ಕಟ್ಟಿಗೆ ಅಡ್ಡೆಯ ಹೊಟ್ಟು ಯಾವುದಾದರೂ ನಡೆಯುತ್ತದೆ. ಬೂದಿಯ ಬಗ್ಗೆ ಮಾತ್ರ ಹಿರಿಯರ ಮಾತನ್ನು ಪೂರ್ತಿ ಒಪ್ಪಲಾರೆ. ಬೂದಿ ಕ್ಷಾರ. ಒಣ ಹೊಲಸನ್ನು ಅದು ಚೆನ್ನಾಗಿ ಮುಚ್ಚುತ್ತದೆ, ಆದರೆ ಮೂತ್ರಕ್ಕೆ ಬಿದ್ದ ಕ್ಷಾರ ಅಮೋನಿಯಾವನ್ನು ಇನ್ನಷ್ಟು ಎಬ್ಬಿಸುತ್ತದೆ. ಸುಣ್ಣವೂ ಹಾಗೆಯೇ. ಬುಟ್ಟಿ ಬೆಕ್ಕು ತಿರುಗಿ ಕೂರುವಷ್ಟು ಅಗಲವಿರಬೇಕು, ಮಣ್ಣು ನಾಲ್ಕು ಬೆರಳು ಆಳವಿರಬೇಕು, ಅನ್ನ-ನೀರಿನ ತಟ್ಟೆಯಿಂದ ದೂರ, ಗಾಳಿಯಾಡುವ ಮೂಲೆಯಲ್ಲಿರಬೇಕು. ದಿನಕ್ಕೆ ಎರಡು ಸಲ ಉಂಡೆಗಳನ್ನು ತೆಗೆದು, ಕೆಲವು ದಿನಗಳಿಗೊಮ್ಮೆ ಮಣ್ಣು ಪೂರ್ತಿ ಚೆಲ್ಲಿ, ಬುಟ್ಟಿಯನ್ನು ಬಿಸಿನೀರು-ಸಾಬೂನಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದರೆ ಮುಗಿಯಿತು. ಉಗುರಿನ ಗೀರುಗಳಲ್ಲಿ ವಾಸನೆ ಕೂತ ಹಳೆಯ ಪ್ಲಾಸ್ಟಿಕ್ ಬುಟ್ಟಿಯನ್ನು ಬದಲಿಸಬೇಕು. ಎರಡು ಬೆಕ್ಕಿದ್ದರೆ ಮೂರು ಬುಟ್ಟಿ ಇಡಿ ಎನ್ನುತ್ತಾರೆ ತಿಳಿದವರು. ನಮ್ಮ ಮನೆಗಳಲ್ಲಿ ಎರಡಕ್ಕೇ ಜಾಗವಿಲ್ಲ, ಆ ಮಾತು ಬೇರೆ.

ಇಷ್ಟು ಸರಳವಾದದ್ದನ್ನು ಜನ ಯಾಕೆ ಮಾಡುವುದಿಲ್ಲ? ತೆಗೆಯುವುದಕ್ಕಿಂತ ಮುಚ್ಚುವುದು ಸುಲಭವೆನಿಸುತ್ತದೆ. ಊದಿನಕಡ್ಡಿ, ಲೋಬಾನ, ಸ್ಪ್ರೇ, ಕೊನೆಗೆ ಫಿನಾಯಿಲ್. ಮೂಗಿನಲ್ಲಿ ನಮಗಿಂತ ಎಷ್ಟೋ ಪಾಲು ಚುರುಕಾದ ಬೆಕ್ಕಿಗೆ ಆ ಪರಿಮಳದ ಬುಟ್ಟಿ ಶಿಕ್ಷೆಯಾಗುತ್ತದೆ. ಅದು ಬುಟ್ಟಿ ಬಿಟ್ಟು ಹಾಸಿಗೆಯ ಮೂಲೆ ಹುಡುಕುತ್ತದೆ, ನಾವು ಕೋಲು ಹುಡುಕುತ್ತೇವೆ. ಫಿನಾಯಿಲಿನ ಮಾತು ಇನ್ನೂ ಗಂಭೀರ. ಅಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ಬಹಳ ಕಡಿಮೆ. ಪಂಜಕ್ಕೆ ಅಂಟಿದ್ದನ್ನು ನೆಕ್ಕಿಕೊಂಡರೂ ಅದಕ್ಕೆ ವಿಷವೇ. ಬ್ಲೀಚಿಂಗ್ ಪುಡಿ ಮೂತ್ರದ ಅಮೋನಿಯಾದೊಂದಿಗೆ ಸೇರಿದರೆ ಏಳುವ ಗಾಳಿ ನಮ್ಮ ಶ್ವಾಸಕ್ಕೂ ಕೆಟ್ಟದ್ದು.

ಮುಚ್ಚುವುದರ ಹಿಂದೆ ಆಲಸ್ಯವಷ್ಟೇ ಇರುವುದಿಲ್ಲ, ಭಯವೂ ಇರುತ್ತದೆ. ಬಾಡಿಗೆ ಮನೆ ಕೇಳಿಕೊಂಡು ಹೋದಾಗ 'ನಿಮ್ಮವರ ಅಡುಗೆ ವಾಸನೆ ಬರ್ತದರಿ' ಎಂಬ ಮಾತನ್ನು ನಗುಮುಖದಿಂದ ಕೇಳಿಸಿಕೊಂಡು ಹಿಂತಿರುಗಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಅಂಥವರು ಒಂದು ಬೆಕ್ಕು ಸಾಕಿದರೆ ಮನೆಯ ಮಾಲೀಕರು ಬರುವ ದಿನ ಕೋಣೆಗೆಲ್ಲ ಅತ್ತರು ಚಿಮುಕಿಸುತ್ತಾರೆ. ಅವರನ್ನು ದೂರಲು ನನಗೆ ಬಾಯಿ ಬರುವುದಿಲ್ಲ. ಆದರೂ ಹೇಳಬೇಕು: ವಾಸನೆಯ ಹೆಸರಿನಲ್ಲಿ ನಮ್ಮನ್ನು ದೂರವಿಟ್ಟವರ ಲೆಕ್ಕಾಚಾರವನ್ನೇ ನಾವು ಮೂಲೆಯಲ್ಲಿ ಕೂತ ಮೂಕಪ್ರಾಣಿಗೆ ಅನ್ವಯಿಸಬಾರದು. ವಾಸನೆಗೆ ಕಾರಣ ಕೇಳಬೇಕೇ ಹೊರತು ಜಾತಿ ಕೇಳಬಾರದು.

ಈ ವಿಷಯದಲ್ಲಿ ನಮ್ಮ ಫಿಕ್ಹ್ ಎಷ್ಟು ಸೂಕ್ಷ್ಮವಾಗಿದೆ ನೋಡಿ. ಅಬೂ ಕತಾದಾ ಅವರಿಗೆ ಸೊಸೆ ಕಬ್ಶಾ ವುಝೂವಿಗೆ ನೀರು ಹಾಕುತ್ತಿದ್ದಾಗ ಬೆಕ್ಕೊಂದು ಬಂತು. ಅವರು ಪಾತ್ರೆಯನ್ನು ಬಾಗಿಸಿ ಅದಕ್ಕೆ ಕುಡಿಯಲು ಬಿಟ್ಟರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಾಪಾಕ್ ಅಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಜೀವ ಎಂಬರ್ಥದಲ್ಲಿ ಪ್ರವಾದಿ(ಸ) ಹೇಳಿದ್ದನ್ನು ತಿಳಿಸಿದರು. ಅಬೂ ದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ಬೆಕ್ಕು ಬಾಯಿ ಹಾಕಿದ ನೀರಿನ ಬಗ್ಗೆ ಇಮಾಮ್ ಅಬೂ ಹನೀಫಾ ಸ್ವಲ್ಪ ಹಿಂಜರಿದರು, ಅವರ ಶಿಷ್ಯ ಅಬೂ ಯೂಸುಫ್ ಹಿಂಜರಿಯಲಿಲ್ಲ. ಆದರೆ ಬೆಕ್ಕಿನ ಮಲಮೂತ್ರ ನಾಪಾಕ್ ಎಂಬ ಮಾತನ್ನು ಹನಫಿ ಗ್ರಂಥಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಅಂದರೆ ಜೀವ ಬೇರೆ, ಜೀವದಿಂದ ಬಂದ ಹೊಲಸು ಬೇರೆ. ಹೊಲಸನ್ನು ತೆಗೆದರೆ ಆಯಿತು, ಜೀವವನ್ನು ಹೊರಗೆ ಹಾಕಬೇಕಿಲ್ಲ. ಮನುಷ್ಯರ ವಿಷಯದಲ್ಲಿ ನಮ್ಮ ದೇಶ ಈ ಎರಡನ್ನೂ ಬೇರೆಮಾಡಲು ಇನ್ನೂ ಕಲಿತಿಲ್ಲ.

ಇನ್ನೊಂದು ಹದೀಸ್ ಎಲ್ಲರಿಗೂ ಗೊತ್ತು. ಬೆಕ್ಕನ್ನು ಕೂಡಿಹಾಕಿ, ತಾನೂ ಉಣಿಸದೆ, ನೆಲದ ಹುಳುಹುಪ್ಪಟೆ ತಿಂದುಕೊಳ್ಳಲೂ ಬಿಡದೆ ಕೊಂದ ಹೆಂಗಸಿನ ಕಥೆ. ಮಸೀದಿಯ ಬಯಾನ್‌ಗಳಲ್ಲಿ ಇದನ್ನು ಅನ್ನದ ಮಾತಾಗಿ ಹೇಳುತ್ತಾರೆ. ನನಗೆ ಇದು ಕೂಡಿಹಾಕುವುದರ ಮಾತಾಗಿಯೂ ಕೇಳುತ್ತದೆ. ಹೊರಗೆ ಬಿಟ್ಟಿದ್ದರೆ ಭೂಮಿ ಅದಕ್ಕೆ ಕೊಡುತ್ತಿದ್ದುದನ್ನೆಲ್ಲ, ಬಾಗಿಲು ಹಾಕಿದವರು ಕೊಡಬೇಕಾಗುತ್ತದೆ. ಭೂಮಿ ಕೊಡುತ್ತಿದ್ದುದರಲ್ಲಿ ತೋಡಲು ಮಣ್ಣೂ ಒಂದು, ದಿನದಿನವೂ ಹೊಸ ಮಣ್ಣು. ಬಿಸಿಲು ತಾಗಿ ಒಣಗಿ, ಹೊಲಸಿನ ಗುರುತು ಅಳಿದ ನೆಲದ ಮೇಲೆ ನಮಾಝ್ ಆಗುತ್ತದೆ ಎನ್ನುತ್ತಾರೆ ನಮ್ಮ ಹನಫಿಗಳು. ಅಷ್ಟು ಕೆಲಸ ಬಿಸಿಲು ಮತ್ತು ನೆಲ ಸೇರಿ ಮಾಡುತ್ತಿದ್ದವು. ಟೈಲ್ಸಿನ ಮೇಲಿಟ್ಟ ಬುಟ್ಟಿಗೆ ಬಿಸಿಲೂ ಇಲ್ಲ, ನೆಲವೂ ಇಲ್ಲ. ಅವುಗಳ ಕೆಲಸ ಯಾರದೋ ಕೈಗೆ ಬಂದಿದೆ.

ಯಾರ ಕೈಗೆ? ರಬಕವಿಯ ಪರಿಚಿತರೊಬ್ಬರ ಮನೆಯಲ್ಲಿ ಆ ಕೆಲಸ ಸೊಸೆಯದಾಗಿತ್ತು. ಬೆಕ್ಕಿನ ಮೇಲೆ ಪ್ರೀತಿ ಎಲ್ಲರಿಗೂ ಇತ್ತು, ಬುಟ್ಟಿ ಮಾತ್ರ ಅವಳದು. ಆಕೆ ಗರ್ಭಿಣಿಯಾದಾಗ ಬೆಕ್ಕಿನ ಹೊಲಸಿನಿಂದ ಹೊಟ್ಟೆಯ ಕೂಸಿಗೆ ರೋಗ ತಗಲುತ್ತದೆ ಎಂದು ಯಾರೋ ಹೇಳಿದರು. ಅತ್ತೆ ಮಗನನ್ನು ಕರೆದು, "ಚೀಲದಾಗ ಹಾಕ್ಕೊಂಡು ಹೊಳಿ ದಾಟಿಸಿ ಬಿಟ್ಟ ಬಾರಪ್ಪಾ" ಎಂದರು. ಕೃಷ್ಣೆಯ ಆಚೆ ಬಿಟ್ಟರೆ ತಿರುಗಿ ಬರಲಾರದೆಂಬ ಲೆಕ್ಕ. ಮಗ ಚೀಲ ಹುಡುಕುತ್ತಿದ್ದ.

ಆ ಭಯ ಪೂರ್ತಿ ಸುಳ್ಳಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬರಬಹುದು, ಗರ್ಭದ ಕೂಸಿಗೆ ಅದು ಅಪಾಯವೇ. ಆದರೆ ಸಾಮಾನ್ಯವಾಗಿ ಬೆಕ್ಕು ಅದನ್ನು ಹೊರಹಾಕುವುದು ಮೊದಲ ಸಲ ಸೋಂಕು ತಗಲಿದ ಮೇಲಿನ ಕೆಲವು ವಾರ ಮಾತ್ರ. ಹೊರಬಿದ್ದ ತತ್ತಿ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಹಿಡಿಯುತ್ತದೆ. ದಿನವೂ ಬುಟ್ಟಿ ತೆಗೆಯುತ್ತಿದ್ದರೆ ಅದಕ್ಕೆ ಆ ಅವಕಾಶವೇ ಸಿಗುವುದಿಲ್ಲ. ಸರಿಯಾಗಿ ಬೇಯದ ಮಾಂಸ, ತೊಳೆಯದ ಕಾಯಿಪಲ್ಲೆಯಿಂದಲೂ ಇದೇ ರೋಗ ಬರುತ್ತದೆ. ಅದಕ್ಕೆಂದು ಯಾರೂ ಕಸಾಯಿ ಅಂಗಡಿಯನ್ನು ಹೊಳೆ ದಾಟಿಸುವುದಿಲ್ಲ. ವೈದ್ಯರು ಹೇಳಿದ್ದು ಇಷ್ಟೇ: ಬುಟ್ಟಿಯನ್ನು ಗರ್ಭಿಣಿ ಮುಟ್ಟುವುದು ಬೇಡ, ಮನೆಯ ಬೇರೆಯವರು ದಿನವೂ ತಪ್ಪದೆ ತೆಗೆಯಲಿ.

ನೋಡಿ, ಮನೆಯಲ್ಲಿ ಐದು ಜನರಿದ್ದರು. ಆ ಒಂದು ಕೆಲಸವನ್ನು ಇನ್ನೊಬ್ಬರು ಮಾಡಬಹುದೆಂಬ ಯೋಚನೆ ಬರುವುದಕ್ಕಿಂತ ಮುಂಚೆ ಬೆಕ್ಕನ್ನೇ ಊರು ಬಿಡಿಸುವ ಯೋಚನೆ ಬಂದಿತ್ತು. ಕೊನೆಗೆ ಮಗ್ಗ ಬಿಟ್ಟು ಮನೆಯಲ್ಲೇ ಇದ್ದ ಮಾವ, "ಕೊಡ್ರಿ ಇಲ್ಲಿ" ಎಂದು ಹಳೆಯ ಜಾಲಿಸೌಟು ಎತ್ತಿಕೊಂಡರು. ಫಜ್ರ್‌ಗೆ ಏಳುವ ಮನುಷ್ಯ. ವುಝೂವಿಗೆ ಮೊದಲು ಆ ಕೆಲಸ ಮುಗಿಸುತ್ತಿದ್ದರು. ಹೆರಿಗೆಯಾಗಿ ಸೊಸೆ ತವರಿನಿಂದ ಬಂದ ಮೇಲೂ ಸೌಟು ಅವರ ಕೈಯಲ್ಲೇ ಉಳಿಯಿತು. ಆ ಮನೆಯಲ್ಲಿ ಈಗ ವಾಸನೆ ಇಲ್ಲ.

ತೆಗೆದದ್ದನ್ನು ಎಲ್ಲಿ ಹಾಕಬೇಕು ಎಂಬುದು ಮಾತ್ರ ಅವರಿಗೂ ಬಗೆಹರಿದಿಲ್ಲ. ಬಚ್ಚಲಿಗೆ ಸುರಿದರೆ ಜೇಡಿ ಉಬ್ಬಿ ಪೈಪು ಕಟ್ಟುತ್ತದೆ. ಗಟಾರಕ್ಕೆ ಎಸೆದರೆ ಅದನ್ನು ಎತ್ತಲು ಒಬ್ಬ ಮನುಷ್ಯ ಇಳಿಯಬೇಕಾಗುತ್ತದೆ. ತಲೆಯ ಮೇಲೆ ಮಲ ಹೊರಿಸುವುದನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ ಈ ರಾಜ್ಯದಲ್ಲಿ ನಿಲ್ಲಿಸಿದರು. ಕೇಂದ್ರದ ಕಾನೂನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಬಂತು. ಗಟಾರಕ್ಕೆ ಇಳಿಯುವವರ ಮನೆಗಳು ಮಾತ್ರ ಇಂದಿಗೂ ಅವೇ ಓಣಿಗಳಲ್ಲಿವೆ. ಹಿತ್ತಲಿದ್ದವರು ಬೇವಿನ ಮರದ ಬುಡದಲ್ಲಿ, ಕಾಯಿಪಲ್ಲೆಯ ಮಡಿಯಿಂದ ದೂರ, ಆಳವಾದ ಕುಣಿ ತೋಡಿ ಮುಚ್ಚಬಹುದು. ಹಿತ್ತಲಿಲ್ಲದ ಆ ಮಾವ ಹಳೆಯ ಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ, ಬಿಗಿಯಾಗಿ ಕಟ್ಟಿ, ಕಸದ ಗಾಡಿ ಬರುವವರೆಗೆ ಕಾದಿದ್ದು ಕೊಡುತ್ತಾರೆ. ಒಳಗೆ ಏನಿದೆ ಎಂದು ಗಾಡಿಯ ಹೆಣ್ಣುಮಗಳಿಗೆ ದಿನವೂ ಬಾಯಿಬಿಟ್ಟು ಹೇಳುತ್ತಾರೆ. ಆಕೆ ಅದನ್ನು ಒಣ ಕಸಕ್ಕೆ ಸೇರಿಸದೆ ಬೇರೆ ಡಬ್ಬಿಗೆ ಹಾಕಿಕೊಳ್ಳುತ್ತಾಳೆ. ಕೈಗವಸು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ.