ಕೊಳವೆಯ ಅಳತೆ ಯಾರ ಸ್ವತ್ತು?

1961ರ ಸೆಪ್ಟೆಂಬರ್. ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನಲ್ಲಿ ಮೋಟಾರ್‌ಸೈಕಲ್ ರೇಸ್. 125 ಸಿಸಿ ವಿಶ್ವ ಚಾಂಪಿಯನ್‌ಶಿಪ್‌ನ ಅಂಕಪಟ್ಟಿಯಲ್ಲಿ ಮುಂದಿದ್ದ ಪೂರ್ವ ಜರ್ಮನಿಯ ಎರ್ನ್ಸ್ಟ್ ಡೆಗ್ನರ್ ಎಂಜಿನ್ ಕೆಟ್ಟು ಹೊರಬಿದ್ದ. ಆಮೇಲೆ ಊರಿಗೆ ಮರಳಲೇ ಇಲ್ಲ. ಬರ್ಲಿನ್ ಗೋಡೆ ಎದ್ದು ಒಂದು ತಿಂಗಳಾಗಿತ್ತಷ್ಟೇ. ಅವನ ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟು ಗಡಿ ದಾಟಿಸಲಾಯಿತು. ಅವನ ತಲೆಯೊಳಗೆ ಇನ್ನೊಂದೂ ಗಡಿ ದಾಟಿತು: ಎಕ್ಸಾಸ್ಟ್ ಕೊಳವೆಯ ಅಳತೆಯ ಗುಟ್ಟು.

ಹೊಗೆ ಹೋಗುವ ಕೊಳವೆಯ ಉದ್ದದಲ್ಲಿ ಅಂಥದ್ದೇನಿದೆ? ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ (ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯದ್ದೂ ಅಂಥದ್ದೇ) ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲು, ಗಾಳಿ ಒಳಬರುತ್ತವೆ. ಒಂದಿಷ್ಟು ಸುಡದೆಯೇ ಹೊರಕ್ಕೆ ಸೋರಿಹೋಗುತ್ತದೆ. ಎಂಜೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್ ಈ ಸೋರಿಕೆ ತಡೆಯಲು ಕೊಳವೆಯೊಳಗಿನ ಒತ್ತಡದ ಅಲೆಯನ್ನೇ ಬಳಸಿಕೊಂಡ. ಅವನ ಕೊಳವೆ ಮೊದಲು ಅಗಲವಾಗುತ್ತ ಹೋಗಿ ಮತ್ತೆ ಕಿರಿದಾಗುತ್ತದೆ. ಅಗಲವಾಗುವ ಭಾಗ ಹೊಗೆಯನ್ನು ಹೊರಗೆಳೆಯುತ್ತದೆ. ಕಿರಿದಾಗುವ ಭಾಗಕ್ಕೆ ಬಡಿದ ಅಲೆ ಹಿಂದಿರುಗಿ, ಸೋರುತ್ತಿದ್ದುದನ್ನು ಒಳಕ್ಕೆ ದಬ್ಬುತ್ತದೆ. ಕಿಂಡಿ ಮುಚ್ಚುವ ಮುನ್ನವೇ ಅಲೆ ಬಂದು ಮುಟ್ಟಬೇಕು. ನಿಮಿಷಕ್ಕೆ 10,000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿಗೆ ಸಿಗುವುದು ಸೆಕೆಂಡಿನ ಸಾವಿರದ 6 ಭಾಗ ಮಾತ್ರ. ಕೊಳವೆ ಉದ್ದವಾದರೆ ಅಲೆ ತಡವಾಗುತ್ತದೆ, ಗಿಡ್ಡವಾದರೆ ಬೇಗ ಬರುತ್ತದೆ. ಕಾಡೆನ್ ವರ್ಷಗಟ್ಟಲೆ ಪರೀಕ್ಷಿಸಿ ಆ ಅಳತೆ ಹುಡುಕಿದ. 1961ರಲ್ಲಿ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು.

ಡೆಗ್ನರ್ ಸುಜುಕಿ ಕಂಪನಿ ಸೇರಿದ. 1962ರಲ್ಲಿ ಸುಜುಕಿ ಬೈಕಿನಲ್ಲೇ 50 ಸಿಸಿ ವಿಶ್ವ ಚಾಂಪಿಯನ್ ಆದ. ಕಾಡೆನ್ ಎಂಜೆಡ್‌ನಲ್ಲೇ ಉಳಿದ.

ಡೆಗ್ನರ್ ಮಾಡಿದ್ದು ಕಳ್ಳತನವೇ? ಅಲ್ಲ ಎನ್ನಲು ಕಾರಣಗಳಿವೆ. ಗೋಡೆ ಕಟ್ಟಿ ಜನರನ್ನು ಕೂಡಿಹಾಕಿದ ಸರ್ಕಾರಕ್ಕೆ ಅವರ ತಲೆಯೊಳಗಿನದ್ದು ತನ್ನದೆನ್ನುವ ಹಕ್ಕು ಎಲ್ಲಿಂದ ಬಂತು? ಕಲಿತದ್ದನ್ನು ಗಡಿಯಲ್ಲಿ ಇಳಿಸಿ ಹೋಗಲು ಯಾರಿಗೂ ಸಾಧ್ಯವಿಲ್ಲ. ಕಾಡೆನ್ ಕೂಡ ಬರಿಗೈಯಲ್ಲಿ ಶುರುಮಾಡಿದವನಲ್ಲ. ಎರಿಕ್ ವುಲ್ಫ್ ಎಂಬಾತ ಡಿಕೆಡಬ್ಲ್ಯೂ ಬೈಕುಗಳಿಗೆ ಇಂಥ ಕೊಳವೆಯನ್ನು ಅವನಿಗಿಂತ ಮೊದಲೇ ಹಾಕಿದ್ದ. ಅಲ್ಲದೆ, ಡೆಗ್ನರ್ ಹೋದ ಮೇಲೂ ಕಾಡೆನ್‌ಗೆ ಗೊತ್ತಿದ್ದದ್ದು ಗೊತ್ತೇ ಇತ್ತು.

ಆದರೆ ಬೈಕಿನ ಕೆಳಗೆ ಎಲ್ಲರಿಗೂ ಕಾಣುವಂತೆ ತೂಗುವ ಕೊಳವೆಯನ್ನು ನೋಡಿ ಕಲಿಯುವುದು ಬೇರೆ, ಜೊತೆಯವನೆಂದು ನಂಬಿ ಹೇಳಿದ್ದನ್ನು ಎದುರಾಳಿಗೆ ಒಯ್ಯುವುದು ಬೇರೆ. ಕೊಟ್ಟಷ್ಟೂ ಹೆಚ್ಚುವುದು ವಿದ್ಯೆ ಎನ್ನುತ್ತೇವೆ. ಆ ಮಾತಿನಲ್ಲಿ ಕೊಡುವವನೊಬ್ಬನಿದ್ದಾನೆ. ಇಲ್ಲಿ ಕೊಡುವೆಯಾ ಎಂದು ಕಾಡೆನ್‌ನನ್ನು ಯಾರೂ ಕೇಳಲಿಲ್ಲ. ಅವನು ಕಳೆದುಕೊಂಡದ್ದು ತಿಳಿವಳಿಕೆಯನ್ನಲ್ಲ, ತನ್ನ ದುಡಿಮೆಯ ಫಲ ಎಲ್ಲಿಗೆ ಹೋಗಬೇಕೆಂದು ತಾನೇ ಹೇಳುವ ಅವಕಾಶವನ್ನು.

ಇಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ಡೆಗ್ನರ್‌ಗೆ ದೇಶ ಬಿಡುವ ಹಕ್ಕಿತ್ತೇ? ಖಂಡಿತ ಇತ್ತು. ಕಾಡೆನ್‌ನ ವರ್ಷಗಳನ್ನು ಒಯ್ಯುವ ಹಕ್ಕಿತ್ತೇ? ಇರಲಿಲ್ಲ. ಒಂದರ ನ್ಯಾಯ ಇನ್ನೊಂದರ ಸಾಲ ತೀರಿಸುವುದಿಲ್ಲ. ಸರ್ಕಾರ ಕೆಟ್ಟದಾದಾಗ ನಾವು ಲೆಕ್ಕವನ್ನೆಲ್ಲ ಅದರೊಂದಿಗೇ ಮುಗಿಸಿಬಿಡುತ್ತೇವೆ. ಅದೇ ಸರ್ಕಾರದ ಕೆಳಗೆ, ಪಕ್ಕದ ಬೆಂಚಿನಲ್ಲಿ ಕೂತು ದುಡಿದವನೊಬ್ಬನ ಬಾಕಿ ಹಾಗೇ ಉಳಿದಿರುತ್ತದೆ. ಡೆಗ್ನರ್‌ನ ಜಾಗದಲ್ಲಿ ನಾನಿದ್ದರೂ ಬಹುಶಃ ಅವನು ಮಾಡಿದ್ದನ್ನೇ ಮಾಡುತ್ತಿದ್ದೆ. ಅಷ್ಟರಿಂದ ಆ ಬಾಕಿ ಮನ್ನಾ ಆಗುವುದಿಲ್ಲ.