ಉಣಿಸುವ ಕೈ, ಉಣ್ಣುವ ಕೈ

ನಮ್ಮ ಕಡೆ ಮನೆಗೆ ಬಂದವರನ್ನು ಮೊದಲು ಕೇಳುವ ಮಾತು 'ಊಟ ಆತೇನ್ರಿ?' ಎಂಬುದು. ಆಗಿಲ್ಲವೆಂದರೆ ತಾಟು ಹಾಕುತ್ತೇವೆ. ಆಗಿದೆಯೆಂದರೂ ಬಿಡದೆ ಒಂದು ರೊಟ್ಟಿಗಾದರೂ ಒತ್ತಾಯ ಮಾಡುತ್ತೇವೆ. ಉಣಿಸುವುದರಲ್ಲಿ ಇಷ್ಟು ಧಾರಾಳಿಗಳಾದ ನಾವು ಉಣ್ಣದೆ ಇರುವವರಿಗೂ ಕೈ ಮುಗಿಯುತ್ತೇವೆ. ಏಕಾದಶಿ, ಸೋಮವಾರ, ಶ್ರಾವಣ ಎಂದು ಹೊಟ್ಟೆ ಕಟ್ಟಿದವರು ನಮಗೆ ದೊಡ್ಡವರು. ಈ ಎರಡು ಗೌರವಗಳ ನಡುವೆ ಒಂದು ಜೀವ ಸಿಕ್ಕಿಕೊಂಡರೆ ಏನಾದೀತು? ಈ ಪ್ರಶ್ನೆ ನನಗೆ ಎದುರಾದದ್ದು ಗೋಕಾಕ ಫಾಲ್ಸಿನಲ್ಲಿ.

ಅಲ್ಲಿ ನನ್ನ ಹಳೆಯ ಗೆಳೆಯರೊಬ್ಬರ ಮನೆಯಿದೆ. ಘಟಪ್ರಭೆ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವುದನ್ನು ನೋಡಿ, ತೂಗುಸೇತುವೆಯ ಮೇಲೆ ನಡೆದು, ಹಸಿದು ಮನೆಗೆ ಬಂದರೆ ಬಿಸಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೊನೆಗೆ ಊರಿನ ಕರದಂಟು. ಎಲ್ಲವನ್ನೂ ಮಾಡಿದವಳು, ನೀಡಿದವಳು ಗೆಳೆಯರ ಮಗಳು. ಕಾಲೇಜಿನಲ್ಲಿ ಓದುವ ಹುಡುಗಿ. 'ನೀನೂ ಕೂಡವ್ವಾ' ಎಂದರೆ, 'ನಾ ಆಮ್ಯಾಲೆ ಉಣ್ತೀನಿ ಕಾಕಾ' ಎಂದಳು. 'ಸಾಕ್ಷಾತ್ ಅನ್ನಪೂರ್ಣಿ' ಎಂದು ನಾನು ಹೊಗಳಿದೆ. ಆ 'ಆಮ್ಯಾಲೆ' ಎಂಬುದು ಬರುತ್ತಲೇ ಇರಲಿಲ್ಲವೆಂದು ನನಗೆ ತಿಳಿದದ್ದು ಕೆಲವು ತಿಂಗಳ ಬಳಿಕ, ಅವಳು ಪರೀಕ್ಷೆಯ ನಡುವೆ ತಲೆತಿರುಗಿ ಬಿದ್ದ ಸುದ್ದಿ ಬಂದಾಗ.

'ನಮ್ಮ ಮನ್ಯಾಗ ಅನ್ನಕ್ಕೇನ ಕಡಿಮಿ ಆಗೇತಿ?' ಎಂದು ಗೆಳೆಯರು ಅತ್ತರು. ಕಡಿಮೆಯಾದದ್ದು ಅನ್ನವಲ್ಲ. ವೈದ್ಯರು ಈ ರೋಗಕ್ಕೆ ಅನೊರೆಕ್ಸಿಯಾ ನರ್ವೋಸಾ ಎನ್ನುತ್ತಾರೆ. ಲಂಡನ್ನಿನ ವಿಲಿಯಂ ಗಲ್ ಮತ್ತು ಪ್ಯಾರಿಸಿನ ಲಾಸೆಗ್ 1873ರಲ್ಲಿಯೇ ಇದನ್ನು ವಿವರಿಸಿದ್ದರು. ಮನಸ್ಸಿನ ರೋಗಗಳಲ್ಲಿ ಪ್ರಾಣಕ್ಕೆ ಅತಿ ಹೆಚ್ಚು ಅಪಾಯ ತರುವವುಗಳಲ್ಲಿ ಇದೂ ಒಂದು.

'ಇದು ಉಂಡದ್ದು ಅರಗದವರ ರೋಗ' ಎಂದು ಅನೇಕರು ಮೂಗು ಮುರಿಯುತ್ತಾರೆ. ನಾನೂ ಹಾಗೆಯೇ ಎಂದುಕೊಂಡಿದ್ದೆ. ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಅಮೆರಿಕೆಯ ಮಿನ್ನೆಸೋಟದಲ್ಲಿ 1944-45ರಲ್ಲಿ ನಡೆದ ಒಂದು ಪ್ರಯೋಗ. ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ 36 ಮಂದಿ ಆರೋಗ್ಯವಂತ ತರುಣರು, ಬರಗಾಲಕ್ಕೆ ಸಿಕ್ಕ ಜನರಿಗೆ ನೆರವಾಗಲೆಂದು, ತಾವಾಗಿ ಆರು ತಿಂಗಳು ಅರೆಹೊಟ್ಟೆ ಉಂಡರು. ಮೈ ಸೊರಗಿದಂತೆ ಅವರ ಮನಸ್ಸೂ ಬದಲಾಯಿತು. ಗೆಳೆತನ ಬೇಡವಾಯಿತು, ಹಗಲಿರುಳೂ ಅನ್ನದ್ದೇ ಧ್ಯಾನ, ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿ ಓದಿದವರೂ ಇದ್ದರು. ನನ್ನ ಅನ್ನಪೂರ್ಣಿಯ ಅಡುಗೆಯ ಹುಮ್ಮಸ್ಸು ಏನೆಂಬುದು ಆಗ ಹೊಳೆಯಿತು. ನಾನು ದಾಸೋಹವೆಂದು ಹೊಗಳಿದ್ದು ಹಸಿವಿನ ನರಳಾಟವಾಗಿತ್ತು.

ಹಾಗಾದರೆ ವ್ರತಕ್ಕೂ ಇದಕ್ಕೂ ಭೇದವೇನು? ನನಗೆ ತೋರುವುದಿಷ್ಟು: ಏಕಾದಶಿಗೆ ದ್ವಾದಶಿಯ ಪಾರಣೆಯುಂಟು. ವ್ರತ ಹಿಡಿದವನು ವ್ರತವನ್ನು ಬಿಡಲೂ ಬಲ್ಲ. ಈ ಉಪವಾಸಕ್ಕೆ ಪಾರಣೆಯಿಲ್ಲ. ಹಿಡಿದವಳನ್ನೇ ಅದು ಹಿಡಿದುಕೊಂಡಿರುತ್ತದೆ.

ಇಲ್ಲಿ ನಿಜವಾದ ಧರ್ಮಸಂಕಟ ಬರುತ್ತದೆ. 'ನನ್ನ ದೇಹ, ನನ್ನ ಇಚ್ಛೆ' ಎಂದು ಅವಳು ಹೇಳಿದರೆ, ಬಾಯಿಗೆ ತುರುಕಲು ನಾವು ಯಾರು? ತುರುಕದೆ ಬಿಟ್ಟರೆ ಸಾಯಲು ಬಿಟ್ಟಂತಾಗದೆ? ಪ್ರಾಣಕ್ಕೇ ಬಂದಾಗ ಆಸ್ಪತ್ರೆಗೆ ಸೇರಿಸಲೇಬೇಕು. ಅಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಆ ಗಂಡಾಂತರ ಕಳೆದು ಮನೆಗೆ ಬಂದ ಮೇಲೆ? ಅವಳ ತಾಯಿ ಪ್ರತಿ ತುತ್ತನ್ನೂ ಎಣಿಸುತ್ತಿದ್ದರು, ಅಪ್ಪ ಗದರುತ್ತಿದ್ದರು. ಊಟದ ಮನೆ ಕಚೇರಿಯ ಕಟಕಟೆಯಾಯಿತು.

ದಾರಿ ತೋರಿದವರು ನಗರದ ಆಸ್ಪತ್ರೆಯ ಆಕ್ಯುಪೇಷನಲ್ ಥೆರಪಿಯ ಒಬ್ಬ ಬಾಯಿ. ನಿತ್ಯದ ಕೆಲಸಗಳ ಮೂಲಕವೇ ರೋಗಿಯನ್ನು ಬದುಕಿಗೆ ಮರಳಿ ತರುವ ವಿದ್ಯೆ ಇದು. ಅಮೆರಿಕೆಯಲ್ಲಿ ಹುಟ್ಟಿ ಭಾರತದ ಸೊಸೆಯಾದ ಕಮಲಾ ನಿಂಬ್ಕರ್ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಮೊದಲ ಶಾಲೆಯನ್ನು ನಮ್ಮ ದೇಶದಲ್ಲಿ ತೆರೆದರು. ಹುಡುಗಿ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ ಬರುವ ಹೊರರೋಗಿ. ತೂಕ ನೋಡುವವರು ವೈದ್ಯರು, ಊಟದ ಪ್ರಮಾಣ ಗೊತ್ತುಮಾಡುವವರು ಆಹಾರತಜ್ಞರು. ಈ ಬಾಯಿ ಮಾತ್ರ 'ಏನು ಉಂಡಿ?' ಎಂದು ಮೊದಲು ಕೇಳಲಿಲ್ಲ. 'ನಿನ್ನೆಯ ದಿನ ಹೇಗೆ ಕಳೆಯಿತು, ತಾಸು ತಾಸಿಗೆ ಬರೆ' ಎಂದರು. ಬರೆದಾಗ ಕಂಡದ್ದು: ಓದು, ಪರರಿಗೆ ಅಡುಗೆ, ಗುಡ್ಡ ಹತ್ತಿ ಇಳಿಯುವುದು. ಗೆಳತಿಯರಿಗೆ ಒಂದು ತಾಸೂ ಇಲ್ಲ.

ಆಮೇಲೆ ಸಣ್ಣ ಸಣ್ಣ ಕೆಲಸಗಳು. ಸಂತೆಗೆ ಹೋಗಿ ಕಾಯಿಪಲ್ಲೆ ತರುವುದು. ತಕ್ಕಡಿಯಲ್ಲಿ ತೂಗದೆ ಹಿಟ್ಟು ನಾದುವುದು. ಮಾಡಿದ್ದನ್ನು ಎಲ್ಲರ ಜೊತೆ ಕುಳಿತು ಉಣ್ಣುವುದು. ಉಂಡ ಮೇಲೆ ತಟ್ಟನೆ ಎದ್ದು ಹೋಗದೆ ಅರ್ಧ ತಾಸು ಹರಟುವುದು. ಗೆಳತಿಯೊಂದಿಗೆ ಅಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುವುದು. ಮೊದಲ ಸಲ ಬಾಯಿ ತಾವೇ ಜೊತೆಗೆ ಕುಳಿತು ತಿಂದರಂತೆ. ಅನ್ನಕ್ಕೆ ಸಂಬಂಧಿಸದ ಕೆಲಸವೂ ಒಂದಿರಲೆಂದು ಗೋಕಾಕದ ಕಟ್ಟಿಗೆಯ ಹಣ್ಣುಗಳಿಗೆ ಬಣ್ಣ ಹಚ್ಚುವುದನ್ನು ಕಲಿತಳು. 'ಹಣ್ಣು ಬಿಟ್ಟು ಬ್ಯಾರೆ ಸಿಗಲಿಲ್ಲೇನ ನಿನಗ?' ಎಂದು ಬಾಯಿ ನಕ್ಕರಂತೆ, ಅವಳೂ ನಕ್ಕಳಂತೆ.

ಇದು ಒತ್ತಾಯವೆ? ಒಂದು ರೀತಿಯಲ್ಲಿ ಹೌದು. ಆದರೆ ಗದರುವವನು ತನ್ನ ಇಚ್ಛೆಯನ್ನು ಅವಳ ಮೇಲೆ ಹೇರುತ್ತಾನೆ. ಬಾಯಿ ಅವಳ ಇಚ್ಛೆಯನ್ನು ಒಂದೊಂದು ಕೆಲಸದಷ್ಟು ಅವಳಿಗೆ ಮರಳಿ ಕೊಡುತ್ತಾರೆ. ಹಸಿದ ಮಿದುಳಿಗೆ ಪೂರ್ಣ ಸ್ವಾತಂತ್ರ್ಯವಿಲ್ಲ. ಅನ್ನವೇ ಸ್ವಾತಂತ್ರ್ಯದ ಮೊದಲ ಮೆಟ್ಟಿಲು. ಆದರೆ ಆ ಮೆಟ್ಟಿಲನ್ನು ಅವಳ ಕಾಲೇ ಹತ್ತಬೇಕು.

ಉಳಿದದ್ದು ನನ್ನ ಪಾಲಿನ ಹೊಣೆ. ಎಲ್ಲರಿಗೂ ನೀಡಿ ಕೊನೆಗೆ ಉಳಿದದ್ದನ್ನು ಉಣ್ಣುವ ಹೆಣ್ಣನ್ನು ನಾವು ತಲೆತಲಾಂತರದಿಂದ ಹೊಗಳುತ್ತ ಬಂದಿದ್ದೇವೆ. ಉಳಿಯಿತೋ ಇಲ್ಲವೋ ಎಂದು ಗಡಿಗೆ ಬಗ್ಗಿಸಿ ನೋಡಿದವರೆಷ್ಟು ಮಂದಿ? ರೋಗಕ್ಕೆ ಕಾರಣಗಳು ಹಲವು. ನನ್ನ ಒಂದು ಹೊಗಳಿಕೆಯಿಂದ ಅದು ಬಂದಿತೆಂದು ನಾನು ಹೇಳಲಾರೆ. ಆದರೆ ಅದು ಅಡಗಿ ಕುಳಿತುಕೊಳ್ಳಲು ನನ್ನ ಹೊಗಳಿಕೆಯ ಮರೆ ಸಿಕ್ಕಿತೆಂಬುದನ್ನು ಅಲ್ಲಗಳೆಯಲಾರೆ.

ಕಳೆದ ಮಳೆಗಾಲದಲ್ಲಿ ಮತ್ತೆ ಹೋಗಿದ್ದೆ. ಪೂರ್ತಿ ಗುಣವಾಗಿಲ್ಲ, ಒಳ್ಳೆಯ ವಾರಗಳೂ ಕೆಟ್ಟ ವಾರಗಳೂ ಇವೆಯೆಂದು ಗೆಳೆಯರು ಹೇಳಿದರು. ಆ ದಿನ ರೊಟ್ಟಿ ಬಡಿದವರು ಗೆಳೆಯರ ಹೆಂಡತಿ. ಹುಡುಗಿ ನಮ್ಮ ಸಾಲಿನಲ್ಲಿಯೇ ಕುಳಿತಳು. ಒಂದು ರೊಟ್ಟಿ ಮುಗಿಸಲು ಬಹಳ ಹೊತ್ತು ಹಿಡಿಯಿತು. 'ಭೇಷ್' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಹೊಳೆಗೆ ಎಷ್ಟು ನೀರು ಬಂದಿದೆಯೆಂದು ಅವಳನ್ನು ಕೇಳಿದೆ, ಹೇಳತೊಡಗಿದಳು. ಹೇಳುತ್ತ ಹೇಳುತ್ತ ಕೈ ಇನ್ನರ್ಧ ರೊಟ್ಟಿಯತ್ತ ಹೋಯಿತು. ಯಾರೂ ಅತ್ತ ನೋಡಲಿಲ್ಲ.